ಬಾಲದ ಮೇಲೆ ಕೂತ ವಿಮಾನ

ನನ್ನ ಯಜಮಾನರ ಬಲಗೈಯ ಮೂರು ಬೆರಳು ಹೋದ ವರ್ಷವೇ ನಮ್ಮ ರಾಜ್ಯದ ಹೆಸರೂ ಬದಲಾಯಿತು. ಶಾಲೆಯಲ್ಲಿ ನಾನು ಮಕ್ಕಳ ಕೈಯಿಂದ ಪಾಟಿಯ ಮೇಲೆ ‘ಕರ್ನಾಟಕ’ ಎಂದು ಬರೆಸುತ್ತಿದ್ದೆ. ಅರ್ಧ ಮಕ್ಕಳು ರೂಢಿಯಿಂದ ‘ಮೈಸೂರು’ ಎಂದೇ ಬರೆದು, ಎಂಜಲು ಹಚ್ಚಿ ಅಳಿಸುತ್ತಿದ್ದರು. ಮನೆಗೆ ಬಂದರೆ ಯಜಮಾನರು ಪಡಸಾಲೆಯಲ್ಲಿ ಕೂತು ಹಳೇ ಪೇಪರಿನ ಅಂಚಿನ ತುಂಬ ಎಡಗೈಯಿಂದ ಸಹಿ ಮಾಡುವುದನ್ನು ಕಲಿಯುತ್ತಿದ್ದರು.

ಆಗ ನಾವು ವಾಡಿಗೂ ಶಹಾಬಾದಿಗೂ ನಡುವೆ ಇದ್ದ ಒಂದು ಸಿಮೆಂಟ್ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇದ್ದೆವು. ಎರಡು ಕೋಣೆ, ಮುಂದೊಂದು ಪಡಸಾಲೆ, ತಲೆಯ ಮೇಲೆ ಹಾಸುಗಲ್ಲಿನ ಮಾಳಿಗೆ. ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಅವರು ಸೇಡಂ ಕಡೆಯವರು, ಫಿಟ್ಟರ್ ಕೆಲಸ. ನಾನು ಸುಲೇಪೇಟದವಳು, ವಾಡಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಅವರ ಕೈಯ ಬಗ್ಗೆ ಮೊದಲು ಹೇಳಬೇಕು. ಅಪಘಾತಕ್ಕೆ ಹಿಂದಿನ ವರ್ಷ, ಸಿಮೆಂಟು ಅರೆಯುವ ಹೊಸ ಗಿರಣಿಯ ದೊಡ್ಡ ಹಲ್ಲಿನ ಚಕ್ರ ಕೂರಿಸಲು ಜರ್ಮನಿಯಿಂದ ಒಬ್ಬ ಸಾಹೇಬ ಬಂದಿದ್ದ. ನಲವತ್ತು ದಾಟಿದ್ದ, ತೆಳ್ಳಗಿನ ಮನುಷ್ಯ. ನಮ್ಮ ಬಿಸಿಲಿಗೆ ಅವನ ಕತ್ತಿನ ಚರ್ಮ ಸುಲಿದು ಹೋಗಿತ್ತು. ಎರಡು ಚಕ್ರದ ಹಲ್ಲುಗಳ ನಡುವಿನ ಸಂದನ್ನು ಅವನು ತೆಳು ಉಕ್ಕಿನ ಪಟ್ಟಿ ತೂರಿಸಿ ಅಳೆಯುತ್ತಿದ್ದ. ಒಂದು ದಿನ ನಮ್ಮವರು ಬೆರಳು ಆಡಿಸಿ ನೋಡಿ, ಈ ಕಡೆ ಒಂದು ಕಾಗದದಷ್ಟು ಹೆಚ್ಚಾಗಿದೆ ಎಂದರು. ಸಾಹೇಬ ನಕ್ಕ. ಪಟ್ಟಿ ಹಾಕಿ ಅಳೆದ. ಆಮೇಲೆ ನಗಲಿಲ್ಲ. ಮತ್ತೆ ಮೂರು ಕಡೆ ಅವರ ಬೆರಳಿಟ್ಟು ಕೇಳಿದ, ಮೂರು ಕಡೆಯೂ ಅಳೆದ. ಅವತ್ತಿನಿಂದ ಅವನು ಹೋದಲ್ಲೆಲ್ಲ ಇವರು ಬೇಕು. ಅವನದು ಮುರುಕು ಇಂಗ್ಲಿಷ್, ಇವರದು ಅದಕ್ಕಿಂತ ಮುರುಕು. ನಡುನಡುವೆ ಹಿಂದಿ. ಹೇಗೆ ಮಾತಾಡುತ್ತಿದ್ದರೋ, ಹಗಲೆಲ್ಲ ಮಾತಾಡುತ್ತಿದ್ದರು.

ಹೊರಡುವ ವಾರ ಸಾಹೇಬ ನಮ್ಮ ಮನೆಗೆ ಬಂದ. ಜೋಳದ ರೊಟ್ಟಿ ತಿಂದ, ಪುಂಡಿಪಲ್ಯ ಎರಡು ಸಲ ಹಾಕಿಸಿಕೊಂಡ. ಹೋಗುವಾಗ ಚೀಲದಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆದು ಅವರ ಕೈಗಿಟ್ಟ. ಪೆಟ್ಟಿಗೆಯ ಮೇಲೆ ಮೋಡದ ನಡುವೆ ಹಾರುವ ವಿಮಾನದ ಚಿತ್ರ. ಮುಂದೆ ತಿರುಗುವ ರೆಕ್ಕೆಯಿಲ್ಲ. ಎರಡು ರೆಕ್ಕೆಗಳ ಕೆಳಗೂ ಒಂದೊಂದು ಕೊಳವೆ ನೇತಾಡುತ್ತಿತ್ತು. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೂರುಗಳು, ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು, ಪ್ರತಿಯೊಂದಕ್ಕೂ ನಂಬರು. ಜೋಡಿಸಿದರೆ ವಿಮಾನವಾಗುತ್ತದೆ, ಅಂಗೈಗಿಂತ ಸ್ವಲ್ಪ ದೊಡ್ಡದು.

ಅದು ಹಿಟ್ಲರನ ಯುದ್ಧದ ಕಡೆಯ ದಿನಗಳಲ್ಲಿ ಹಾರಿದ ಜೆಟ್ ವಿಮಾನವಂತೆ. ಸಾಹೇಬನ ಭಾಷೆಯಲ್ಲಿ ಅದಕ್ಕೆ ಒಂದು ಹಕ್ಕಿಯ ಹೆಸರಿತ್ತು. ಸಾಹೇಬ ಆಗ ಹದಿನಾರರವನು, ಒಂದು ವಿಮಾನ ನಿಲ್ದಾಣದಲ್ಲಿ ಎಂಜಿನು ಬಿಚ್ಚುವ ಕೆಲಸ. ಇಪ್ಪತ್ತು ಇಪ್ಪತ್ತೈದು ತಾಸು ಓಡಿದರೆ ಎಂಜಿನು ಸುಟ್ಟು ಹೋಗುತ್ತಿತ್ತು. ತೆಗೆದು ಹೊಸದು ಹಾಕಬೇಕು. ಅವನು ಹೇಳಿದ್ದನ್ನು ಇವರು ನನಗೆ ಕನ್ನಡದಲ್ಲಿ ಹೇಳುತ್ತ ಹೋದರು. ಒಂದು ಕಡೆ ಇವರ ದನಿ ಸಣ್ಣದಾಯಿತು.

‘ಇವನ್ನ ಮಾಡಿದವರು ಕೈದಿಗಳಂತ. ಹೊಟ್ಟಿಗಿಲ್ಲದ ಮಂದಿ. ಎಂಜಿನ್ ತರ್ಲಿಕ್ಕ ಹೋದಾಗ ನೋಡ್ದೆ ಅಂತಾರ. ನೋಡಿ ಸುಮ್ಮನ ಬಂದೆ, ಒಂದು ಮಾತೂ ಆಡ್ಲಿಲ್ಲ ಅಂತಾರ.’

ಸಾಹೇಬ ನನ್ನ ಮುಖ ನೋಡುತ್ತಿದ್ದ. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದನೋ ಏನೋ. ಚಹಾ ಮಾಡಲೇ ಎಂದು ಕೇಳಿದೆ.

ಪೆಟ್ಟಿಗೆ ಗೋಡೆಯ ಗೂಡಿನಲ್ಲಿ ಕೂತಿತು. ಪುರುಸೊತ್ತಾದಾಗ ಮಾಡೋಣ ಎಂದರು ಅವರು, ಪುರುಸೊತ್ತು ಬರಲಿಲ್ಲ. ಮರುವರ್ಷ ಮಳೆಗಾಲದಲ್ಲಿ ಸುಣ್ಣದಕಲ್ಲು ಸಾಗಿಸುವ ಬೆಲ್ಟಿನ ಉರುಳೆಯಲ್ಲಿ ಅವರ ಕೈ ಸಿಕ್ಕಿತು. ಕಲ್ಲಿನ ಹಸಿಮಣ್ಣು ಅಂಟಿಕೊಂಡಿತ್ತು, ಕೆರೆಯಲು ಹೋಗಿದ್ದರು. ಬೆಲ್ಟು ನಿಲ್ಲಿಸಿಯೇ ಕೆರೆಯಬೇಕೆಂದು ಹತ್ತು ಮಂದಿಗೆ ಕಲಿಸಿದವರು ಅವರೇ. ಅವತ್ತು ಯಾಕೆ ನಿಲ್ಲಿಸಲಿಲ್ಲ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗುಲ್ಬರ್ಗಾದ ದವಾಖಾನೆಯಲ್ಲಿ ಮೂರು ವಾರ ಇದ್ದು ಬಂದಾಗ ಹೆಬ್ಬೆರಳು ಮತ್ತು ಕಿರುಬೆರಳು ಉಳಿದಿದ್ದವು. ನಡುವಿನ ಮೂರು ಇರಲಿಲ್ಲ. ಉಳಿದೆರಡೂ ಮಡಚುತ್ತಿರಲಿಲ್ಲ.

ಕಾರ್ಖಾನೆಯವರು ಕೈಬಿಡಲಿಲ್ಲ, ಅದನ್ನು ಹೇಳಲೇಬೇಕು. ಗೇಟಿನಲ್ಲಿ ಹಾಜರಿಯ ಬಿಲ್ಲೆ ಕೊಡುವ ಕೆಲಸ ಕೊಡುತ್ತೇವೆ ಎಂದು ಎರಡು ಸಲ ಮನೆಗೆ ಹೇಳಿ ಕಳಿಸಿದರು. ಕೆಲಸಕ್ಕೆ ಬರುವವರು ಕಿಟಕಿಯ ಮುಂದೆ ನಿಂತು ನಂಬರು ಹೇಳಿದರೆ ಹಿತ್ತಾಳೆಯ ಬಿಲ್ಲೆ ತೆಗೆದು ಕೊಡುವುದು, ಹೋಗುವಾಗ ವಾಪಸು ತೆಗೆದುಕೊಳ್ಳುವುದು.

‘ನನ್ನ ಕೈಯಾಗ ಕೆಲಸ ಕಲ್ತವರು ಬಂದು ಕಿಡಕಿ ಮುಂದ ಕೈ ಚಾಚ್ತಾರ. ನಾ ಅವ್ರಿಗಿ ಬಿಲ್ಲೆ ಕೊಡ್ಬೇಕು’ ಎಂದರು. ಹೋಗಲಿಲ್ಲ.

ನಾಲ್ಕು ತಿಂಗಳು ಮನೆಯಲ್ಲೇ ಕೂತರು. ನಾನು ಅವರ ಅಂಗಿಯ ಗುಂಡಿ ಹಾಕುತ್ತಿದ್ದೆ, ರೊಟ್ಟಿ ಮುರಿದು ಇಡುತ್ತಿದ್ದೆ, ಗಡ್ಡ ಹೆರೆಯುತ್ತಿದ್ದೆ. ಒಂದು ಮಾತೂ ಆಡದೆ ಮಾಡಿಸಿಕೊಳ್ಳುತ್ತಿದ್ದರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಳಿ ಮುಗಿಯುವ ಹೊತ್ತಿಗೆ ಒಂದು ದಿನ ಶಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದರು. ಚೂರುಗಳನ್ನು ನಂಬರಿನ ಪ್ರಕಾರ ಚಾಪೆಯ ಮೇಲೆ ಸಾಲಾಗಿ ಇಟ್ಟಿದ್ದರು.

‘ಕುಂದ್ರು’ ಎಂದರು. ‘ಎಡಗೈ ನಂದು, ಬಲಗೈ ನಿಂದು. ನಾ ಹೇಳ್ದಂಗ ಮಾಡು.’

ತಿಂಗಳುಗಳ ಮೇಲೆ ಅವರು ನನ್ನನ್ನು ಏನಾದರೂ ಮಾಡು ಎಂದು ಕರೆದದ್ದು ಅದೇ ಮೊದಲು. ನಾನು ಚಪ್ಪಲಿ ಬಿಚ್ಚುವುದನ್ನೂ ಮರೆತು ಕೂತೆ.

ಮೊದಲ ತೊಡಕು ಅಂಟಿನದು. ಪೆಟ್ಟಿಗೆಯಲ್ಲಿದ್ದ ಟ್ಯೂಬು ಮಾಳಿಗೆಯ ಕಾವಿಗೆ ಒಣಗಿ ಕಡ್ಡಿಯಾಗಿತ್ತು. ಶಹಾಬಾದಿನ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕ ಚಾಚಾ ಇದ್ದ, ಇವರಿಗೆ ಹಳೇ ಪರಿಚಯ. ಭಾನುವಾರ ಇಬ್ಬರೂ ಅವನಲ್ಲಿಗೆ ಹೋದೆವು. ಚಾಚಾ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಂದು ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. ಅವರ ಕೈಯನ್ನು ನೋಡಿಯೂ ನೋಡದವನಂತೆ ಇದ್ದ.

‘ಗೋಂದು ಇದಕ್ಕ ಹಿಡಿಯಂಗಿಲ್ಲ, ಬೇಟಿ’ ಎಂದು ನನಗೆ ಹೇಳಿದ. ‘ಪ್ಲಾಸ್ಟಿಕ್ ಕರಗಿಸೋ ಎಣ್ಣಿ ಬೇಕು. ನಿಮ್ಮ ಫ್ಯಾಕ್ಟರಿ ಲ್ಯಾಬಿನಾಗ ಕೇಳ್ರಿ, ಇರ್ತದ. ಎರಡೂ ಕಡಿಗೆ ಸವರಿದ್ರ ಕರಗಿ ಒಂದಾಗ್ತದ.’ ಆಮೇಲೆ ಡ್ರಾಯರಿನಿಂದ ಒಂದು ಸಣ್ಣ ಚಿಮಟ ತೆಗೆದು ಕೊಟ್ಟ. ‘ಇದು ಇಟ್ಕೊರಿ. ಕೆಲಸ ಮುಗಿದ ಮ್ಯಾಲ ತಂದು ಕೊಡ್ರಿ. ನನಗೂ ವಿಮಾನ ತೋರಸ್ರಿ.’

ಲ್ಯಾಬಿನವರು ಶಾಯಿ ಬಾಟಲಿಯಲ್ಲಿ ಒಂದಿಷ್ಟು ದ್ರಾವಣ ಕೊಟ್ಟರು. ಮೂಗಿಗೆ ಹಿಡಿದರೆ ತಲೆ ತಿರುಗುವ ವಾಸನೆ. ಹಾರಿ ಹೋಗುತ್ತದೆ, ಬೇಗ ಮುಚ್ಚಿರಿ, ಇನ್ನೊಮ್ಮೆ ಕೊಡಲು ಆಗುವುದಿಲ್ಲ ಎಂದಿದ್ದರು.

ದಿನಾ ನಾಲ್ಕೂವರೆಯಿಂದ ಬೆಳಕು ಇರುವತನಕ ನಮ್ಮ ಕೆಲಸ. ಅವರು ಎಡಗೈಯಲ್ಲಿ ಚೂರನ್ನು ಹಿಡಿಯುವರು, ನಾನು ಬ್ಲೇಡಿನಿಂದ ಕಡ್ಡಿಯಿಂದ ಬಿಡಿಸಿ, ಕೊಯ್ದಲ್ಲಿ ಉಳಿದ ಮುಳ್ಳು ಉಜ್ಜಿ, ಪೊರಕೆಯ ಹಂಚಿಕಡ್ಡಿಯ ತುದಿಯಿಂದ ದ್ರಾವಣ ಸವರಿ ಕೂಡಿಸಬೇಕು. ಸೀರೆಗೆ ಹೊಲಿಗೆ ಹಾಕುವ, ಮುತ್ತಿನಂಥ ಅಕ್ಷರ ಬರೆಯುವ ಕೈ ನನ್ನದು. ಆದರೆ ಅವರಿಗೆ ಬೇಕಾದ ಕೈ ಅದಲ್ಲ. ಚಾಲಕ ಕೂರುವ ಕುರ್ಚಿ ಒಂದು ಕಡಲೆಬೇಳೆಯಷ್ಟು. ಅದನ್ನು ಚಿಮಟದಲ್ಲಿ ಎತ್ತಿ ಕೂರಿಸುವುದರಲ್ಲಿ ಮೂರು ಸಲ ಬೀಳಿಸಿದೆ.

‘ಒತ್ತಬ್ಯಾಡ. ಹಿಡಿ ಅಂದ್ರ ಹಿಡಿಬೇಕು, ಒತ್ತಬಾರ್ದು.’

‘ಹಿಡಿಲಿಕತ್ತೀನ್ರಿ.’

‘ಅದು ಹಿಡಿಯೋದಲ್ಲ. ಅದು ತಾನ ಎಲ್ಲಿ ಕುಂದರ್ತೀನಿ ಅಂತ ಹೇಳ್ತದ. ಬೆರಳಿಗಿ ಗೊತ್ತಾಗಲ್ಲೇನು?’

‘ನನ್ನ ಬೆರಳಿಗಿ ಗೊತ್ತಾಗಲ್ರಿ.’

ಅವರ ಬಲಗೈ ಮೊಳಕಾಲಿನ ಮೇಲೆ ಇತ್ತು. ನಾನು ಚೂರನ್ನು ಹಿಡಿದಾಗಲೆಲ್ಲ ಅವರ ಹೆಬ್ಬೆರಳು ಸ್ವಲ್ಪ ಅಲುಗುತ್ತಿತ್ತು, ಇಲ್ಲದ ಬೆರಳುಗಳ ಜೊತೆ ಸೇರಿ ತಾನೇ ಹಿಡಿಯಲು ಹೋದಂತೆ. ಅದನ್ನು ನೋಡಿದರೆ ನನ್ನ ಕೈ ಇನ್ನಷ್ಟು ನಡುಗುತ್ತಿತ್ತು. ನೋಡದಿರಲೂ ಆಗುತ್ತಿರಲಿಲ್ಲ.

ಒಂದು ಸಲ ರೆಕ್ಕೆಯ ಮೇಲೆ ದ್ರಾವಣದ ಹನಿ ಬಿದ್ದು ನನ್ನ ಬೆರಳಚ್ಚು ಅಲ್ಲೇ ಮೂಡಿತು. ಅವರು ರೆಕ್ಕೆಯನ್ನು ಕೈಯಿಂದ ಕಿತ್ತುಕೊಂಡು ಒಳಗೆ ಹೋದರು. ಎರಡು ದಿನ ಕೆಲಸ ನಿಂತಿತು. ಮೂರನೆಯ ದಿನ ನಾನು ಬರುವಷ್ಟರಲ್ಲಿ ಮರಳುಕಾಗದದಿಂದ ಆ ಗುರುತನ್ನು ಎಡಗೈಯಲ್ಲೇ ಉಜ್ಜಿ ಉಜ್ಜಿ ತೆಗೆದಿದ್ದರು. ‘ಕುಂದ್ರು’ ಎಂದರು, ಅಷ್ಟೇ. ಆದರೂ ಆ ದಿನಗಳಲ್ಲಿ ಅವರು ಊಟ ಸರಿಯಾಗಿ ಮಾಡುತ್ತಿದ್ದರು. ರಾತ್ರಿ ನಿದ್ದೆ ಬರುತ್ತಿತ್ತು. ಈ ವಿಮಾನ ಆದರೆ ಇವರು ಮೊದಲಿನಂತೆ ಆಗುತ್ತಾರೆ ಎಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡುಬಿಟ್ಟೆ. ಯಾರೂ ಹಾಗೆ ಹೇಳಿರಲಿಲ್ಲ.

ಸೂಚನೆಯ ಹಾಳೆ ಜರ್ಮನ್ ಭಾಷೆಯಲ್ಲಿತ್ತು. ನಾವು ಚಿತ್ರ ನೋಡಿಯೇ ಮಾಡುತ್ತಿದ್ದೆವು. ವಿಮಾನದ ಮೈ ಎರಡು ಹೋಳು. ಅವನ್ನು ಕೂಡಿಸುವ ಮೊದಲು ಮೂಗಿನ ಒಳಗೆ ಏನೋ ತುಂಬಬೇಕೆಂದು ಒಂದು ಚಿತ್ರವಿತ್ತು. ಅವರು ನೋಡಿದ ಕೂಡಲೇ ಹೇಳಿದರು.

‘ತೂಕ. ಇದಕ್ಕ ಗಾಲಿ ಒಂದು ಮುಂದ, ಎರಡು ಹಿಂದ ಅವ. ಹಿಂದಿನ ಮೈ ಭಾಳ ಭಾರ. ಮೂಗಿನಾಗ ತೂಕ ಇಲ್ಲಂದ್ರ ಬಾಲದ ಮ್ಯಾಲ ಕುಂದರ್ತದ.’

ಸೀಸದ ಒಂದು ತುಣುಕನ್ನು ತಂದು, ಎಡ ಅಂಗೈಯಲ್ಲಿ ಹಾರಿಸಿ ತೂಕ ನೋಡಿ, ಇಷ್ಟು ಸಾಕು ಎಂದರು. ನಾನು ಮೂಗಿನ ಒಳಗೆ ದ್ರಾವಣ ಸವರಿ ಸೀಸ ಕೂರಿಸಿದೆ. ‘ಇವತ್ತ ಬಿಡು. ಪೂರಾ ಹಿಡಿಲಿ. ನಾಳಿ ಮೈ ಮುಚ್ಚೋಣ’ ಎಂದು ಅವರು ಹಿತ್ತಲಿಗೆ ಹೋದರು.

ಮರುದಿನ ಅವರನ್ನು ಕೈ ತೋರಿಸಲು ಗುಲ್ಬರ್ಗಾಕ್ಕೆ ಕರೆದಿದ್ದರು. ಬರುವುದು ಸಂಜೆಯಾಗುತ್ತಿತ್ತು. ಬಾಟಲಿಯಲ್ಲಿ ದ್ರಾವಣ ತಳಕ್ಕೆ ಇಳಿದಿತ್ತು. ಎಷ್ಟು ಬಿಗಿಯಾಗಿ ಮುಚ್ಚಿದರೂ ದಿನಾ ಒಂದು ಗೆರೆ ಕಡಿಮೆಯಾಗುತ್ತಿತ್ತು. ಅವರು ಬರುವಷ್ಟರಲ್ಲಿ ಇದು ಹಾರಿ ಹೋದರೆ ಏನು ಗತಿ ಎಂದು ನನಗೆ ಹೆದರಿಕೆ. ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅವರು ಪಕ್ಕದಲ್ಲಿ ಇಲ್ಲದೆ ಒಮ್ಮೆ ನಾನೇ ಮಾಡಿ ನೋಡಬೇಕು, ನನ್ನ ಕೈ ನಡುಗುತ್ತದೋ ಇಲ್ಲವೋ ನೋಡಬೇಕು ಎನ್ನಿಸಿತ್ತು. ಬೆಳಿಗ್ಗೆ ಅವರು ಬಸ್ಸಿಗೆ ಹೋದ ಮೇಲೆ, ಶಾಲೆಗೆ ಹೊರಡುವ ಮುಂಚೆ, ಎರಡು ಹೋಳನ್ನೂ ಸವರಿ ಕೂಡಿಸಿ ದಾರ ಸುತ್ತಿದೆ. ಕೈ ನಡುಗಲಿಲ್ಲ. ಹೊರಗೆ ನಲ್ಲಿಗೆ ನೀರು ಬಂದ ಸದ್ದಾಯಿತು, ಕೊಡ ಹಿಡಿದು ಓಡಿದೆ. ಸೀಸ ಗಟ್ಟಿಯಾಗಿ ಹಿಡಿದಿದೆಯೇ ಎಂದು ಮುಟ್ಟಿ ನೋಡಿರಲಿಲ್ಲ.

ಸಂಜೆ ಬಂದು ನೋಡಿ, ಕೂಡಿದ ಗೆರೆಯ ಉದ್ದಕ್ಕೂ ಎಡಗೈಯ ಹೆಬ್ಬೆರಳು ಎಳೆದರು. ‘ಛಲೋ ಕೂಡೇದ’ ಎಂದರು. ಆರು ವಾರದಲ್ಲಿ ಅವರು ನನ್ನ ಕೆಲಸ ಮೆಚ್ಚಿದ್ದು ಅದೊಂದೇ ಸಲ.

ರೆಕ್ಕೆ, ಎರಡು ಎಂಜಿನು, ಬಾಲ, ಗಾಜಿನಂಥ ಮುಚ್ಚಳ ಎಲ್ಲ ಕೂತವು. ಕಡೆಗೆ ಗಾಲಿ. ಗಾಲಿ ಗಟ್ಟಿಯಾಗಲೆಂದು ಎರಡು ದಿನ ವಿಮಾನವನ್ನು ಬೆನ್ನ ಮೇಲೆ ಮಲಗಿಸಿಟ್ಟೆವು. ಮೂರನೆಯ ದಿನ ಅವರೇ ಎಡಗೈಯಿಂದ ಎತ್ತಿ, ತಿರುಗಿಸಿ, ಪಡಸಾಲೆಯ ಹಾಸುಗಲ್ಲಿನ ಮೇಲೆ ನಿಲ್ಲಿಸಿದರು. ತಿರುಗಿಸುವಾಗ ಒಳಗೆ ಟಕ್ ಎಂದು ಸಣ್ಣ ಸದ್ದು. ವಿಮಾನ ಒಂದು ಗಳಿಗೆ ನಿಂತಿತು. ಆಮೇಲೆ ಮೆಲ್ಲಗೆ ಮೂಗು ಎತ್ತಿ ಬಾಲದ ಮೇಲೆ ಕೂತುಬಿಟ್ಟಿತು.

ಅವರು ಬೆರಳಿನಿಂದ ಮೂಗನ್ನು ಒತ್ತಿದರು. ನಿಂತಿತು. ಬೆರಳು ತೆಗೆದರು. ಕೂತಿತು. ಎತ್ತಿ ಕಿವಿಯ ಹತ್ತಿರ ಅಲುಗಿಸಿದರು. ಸೀಸ ಮೂಗಿನಿಂದ ಬಾಲಕ್ಕೆ, ಬಾಲದಿಂದ ಮೂಗಿಗೆ ಉರುಳಿತು.

‘ಮುಚ್ಚೋ ಮುಂದ ಸೀಸ ಹಿಡದಿತ್ತೇನು?’

‘ಹಿಡದಿತ್ರಿ’ ಎಂದೆ.

ಆ ಸುಳ್ಳು ಅಷ್ಟು ಬೇಗ ಹೇಗೆ ಬಾಯಿಗೆ ಬಂತೋ ಗೊತ್ತಿಲ್ಲ. ಹೇಳಿದ ಮೇಲೆ ತಿದ್ದುವ ದಾರಿ ಕಾಣಲಿಲ್ಲ. ಅವರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಕೇಳಲಿಲ್ಲ.

‘ತೆಗೀಬೇಕು’ ಎಂದರು. ‘ಗೆರಿ ಮ್ಯಾಲೇ ಬ್ಲೇಡ್ ಹಾಕಿ ಬಿಚ್ಚು.’

ನಾನು ಬ್ಲೇಡು ಹಿಡಿದೆ, ಕೂಡಿದ ಗೆರೆ ಹುಡುಕಿದೆ. ಅಷ್ಟು ಚೆನ್ನಾಗಿ ಕೂಡಿತ್ತು, ಸಂದೇ ಇರಲಿಲ್ಲ. ಒತ್ತಲು ಧೈರ್ಯ ಬರಲಿಲ್ಲ. ‘ನನ್ನ ಕೈಲೆ ಆಗಲ್ರಿ’ ಎಂದೆ. ಅವರು ಬ್ಲೇಡು ತೆಗೆದುಕೊಂಡರು. ವಿಮಾನವನ್ನು ಎರಡು ಮೊಳಕಾಲಿನ ನಡುವೆ ಹಿಡಿದು, ಎಡಗೈಯಿಂದ ಕುಯ್ಯತೊಡಗಿದರು. ಹಿಡಿದುಕೊಳ್ಳಲು ಹೋದ ನನ್ನ ಕೈಯನ್ನು ಮೊಣಕೈಯಿಂದ ಸರಿಸಿದರು. ಬ್ಲೇಡು ಜಾರಿತು. ಮುಚ್ಚಳ ಒಡೆದು, ಮೂಗಿನ ಒಂದು ಪಕ್ಕ ಸೀಳಿ ಬಂತು. ಸೀಸದ ತುಣುಕು ಉರುಳಿ ಚಾಪೆಯ ಮೇಲೆ ಬಿತ್ತು.

ಅವರು ಅದನ್ನೆಲ್ಲ ಕಲ್ಲಿನ ಮೇಲಿಟ್ಟು, ಎದ್ದು ಹೋಗಿ ಬೇಲಿಯ ಹತ್ತಿರ ನಿಂತರು. ಹೊರಗೆ ಪಾಳಿ ಬಿಟ್ಟು ಜನ ಬರುತ್ತಿದ್ದರು. ‘ನಮಸ್ಕಾರ್ರಿ, ಆರಾಮ ಅದೀರಿ?’ ಎಂದು ಯಾರೋ ಕೇಳಿದರು. ‘ಆರಾಮ’ ಎಂದು ಇವರು ಹೇಳಿದ್ದು ಕೇಳಿಸಿತು. ನಾನು ಚಾಪೆಯ ಮೇಲೆ ಕೂತೇ ಇದ್ದೆ. ನಿಜ ಹೇಳಲು ಎದ್ದು ಹೋಗದೆ, ಅಲ್ಲಿ ಬಿದ್ದಿದ್ದ ಮುಚ್ಚಳದ ಚೂರುಗಳನ್ನು ಹೆಕ್ಕಿದೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ಅಂಗಿ ಹಾಕಿಸಿಕೊಳ್ಳುವಾಗ, ಗೇಟಿನ ಕೆಲಸಕ್ಕೆ ಹೋಗುತ್ತೇನೆ ಎಂದರು. ನಾನು ಉಳಿದ ಗುಂಡಿ ಹಾಕಿ ಮುಗಿಸಿದೆ. ಅವರು ಹೋದ ಮೇಲೆ ಒಲೆಯ ಮುಂದೆ ಕೂತು ಅತ್ತೆ. ನಾಲ್ಕು ತಿಂಗಳು ಹೋಗಿರಿ ಹೋಗಿರಿ ಎಂದು ಗೋಗರೆದವಳು ನಾನೇ.

ಚಾಚಾನಿಗೆ ಚಿಮಟ ವಾಪಸು ಕೊಡಲು ನಾನೊಬ್ಬಳೇ ಹೋದೆ. ವಿಮಾನ ಎಲ್ಲಿ ಎಂದ. ಮುರಿಯಿತು ಎಂದೆ. ಅವನು ಗಾಜು ತೆಗೆದಿಟ್ಟು, ‘ಬ್ಯಾರೇದು ತರಸ್ರಿ’ ಎಂದ. ಆ ಬೇಸಿಗೆಯಲ್ಲಿ ಜರ್ಮನ್ ಸಾಹೇಬನಿಂದ ಒಂದು ಕಾರ್ಡು ಬಂತು. ಇವರು ಹೇಳಿದ್ದನ್ನು ನಾನು ನನ್ನ ಶಾಲೆಯ ಇಂಗ್ಲಿಷಿನಲ್ಲಿ ಬರೆದೆ: ವಿಮಾನ ಮಾಡಿದೆವು, ಚೆನ್ನಾಗಿ ಬಂದಿದೆ, ನಿಮ್ಮನ್ನು ನೆನೆಸುತ್ತೇವೆ. ಕೈಯ ಸುದ್ದಿ ಬರೆಯಬೇಡ ಎಂದರು. ಬರೆಯಲಿಲ್ಲ.

ಬಿಲ್ಲೆಯ ಕಿಟಕಿಯಲ್ಲಿ ಅವರು ಬಹಳ ವರ್ಷ ಕೂತರು. ಯಾರ ನಂಬರು ಎಷ್ಟು ಎಂದು ಬಾಯಿಪಾಠವಾಗಿತ್ತು. ಮುಖ ನೋಡಿದರೆ ಸಾಕು, ಕೇಳುವ ಮೊದಲೇ ಬಿಲ್ಲೆ ಮುಂದಿಡುತ್ತಿದ್ದರಂತೆ. ನನಗೆ ಜನ ಹೊಗಳಿ ಹೇಳುತ್ತಿದ್ದರು. ಮನೆಯಲ್ಲಿ ಅವರು ಅದರ ಮಾತೆತ್ತುತ್ತಿರಲಿಲ್ಲ.

ಏಳೆಂಟು ವರ್ಷದ ಮೇಲೆ ನನಗೆ ಚಿಂಚೋಳಿ ತಾಲೂಕಿಗೆ ವರ್ಗವಾಯಿತು. ಕಾಗದಪತ್ರದ ಕೆಲಸಕ್ಕೆ ಚಿಂಚೋಳಿಗೆ ಅಂಟಿಕೊಂಡ ಚಂದಾಪುರದ ಕಚೇರಿಗೆ ಹೋಗಬೇಕಿತ್ತು. ಸುಲೇಪೇಟದಲ್ಲಿ ನನ್ನ ತವರಿನಲ್ಲಿ ಉಳಿದು, ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಜನ ಕಡಿಮೆ. ಎರಡೂ ಕಡೆ ತೊಗರಿ ಹೂವಾಗಿತ್ತು. ಏನು ನೆನಪಾಯಿತೋ, ನಾನು ಇದ್ದಕ್ಕಿದ್ದಂತೆ ಹೇಳಿಬಿಟ್ಟೆ.

‘ಆ ವಿಮಾನದಾಗಿನ ಸೀಸ ಹಿಡದಿತ್ತೋ ಇಲ್ಲೋ ನಾ ನೋಡಿರ್ಲಿಲ್ರಿ. ಅವಸರ ಮಾಡಿ ಮುಚ್ಚಿದ್ದೆ. ನಿಮಗ ಸುಳ್ಳು ಹೇಳ್ದೆ.’

ಅವರು ಕಿಟಕಿಯಿಂದ ಹೊರಗೆ ನೋಡುತ್ತಲೇ ಇದ್ದರು.

‘ನೋಡಿದ್ರೂ ಅಷ್ಟ’ ಎಂದರು. ‘ಆ ಎಣ್ಣಿ ಪ್ಲಾಸ್ಟಿಕ್ ಕರಗಸ್ತದ. ಸೀಸ ಕರಗಸಂಗಿಲ್ಲ. ಒಂದು ವಾರ ಬಿಟ್ಟಿದ್ರೂ ಹಿಡೀತಿದ್ದಿಲ್ಲ. ವಿಮಾನ ಮುರದ ಮರುದಿನಾನ ಉಳದಿದ್ದ ಎಣ್ಣಿ ಸವರಿ ಆ ಸೀಸ ಇನ್ನೊಂದು ಚೂರಿಗಿ ಹಚ್ಚಿ ನೋಡ್ದೆ. ಮುಟ್ಟಿದ್ರ ಕಿತ್ತು ಬಂತು.’

‘ಮತ್ತ ನನಗ ಯಾಕ ಹೇಳ್ಲಿಲ್ಲ?’

‘ಹದಿನೈದು ವರ್ಷ ಫಿಟ್ಟರ್ ಇದ್ದಾವ ನಾ. ಮೇಣ ಹಾಕಿ ಹಿಡಸ್ಬೇಕಿತ್ತು. ಅಷ್ಟು ತಿಳಿಲಿಲ್ಲ ಅಂತ ನಿನ್ನ ಮುಂದ ಹ್ಯಾಂಗ ಹೇಳ್ಲಿ? ಕೈ ಅಂತೂ ಹೋಗಿತ್ತು. ತಲಿನೂ ಹೋಯ್ತು ಅಂತಿದ್ದಿ.’

‘ನಾ ಹಂಗ ಅಂತಿದ್ದೆ ಏನ್ರಿ?’

ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಅವರ ಬಿಲ್ಲೆಯ ಕಿಟಕಿಯ ಮುಂದೆ ಹಾದು ಹೋಗುವಾಗಲೆಲ್ಲ ಇವರನ್ನು ಇಲ್ಲಿ ಕೂರಿಸಿದವಳು ನಾನು ಎಂದುಕೊಂಡು ತಲೆ ತಗ್ಗಿಸಿ ಹೋಗಿದ್ದೆ. ಅವರು ಅದನ್ನು ಕಿಟಕಿಯ ಒಳಗಿನಿಂದ ನೋಡಿ, ಈಕೆಗೆ ನನ್ನ ಕೆಲಸ ನಾಚಿಕೆ ಎಂದುಕೊಂಡಿದ್ದರಂತೆ. ಅದನ್ನೂ ಅವತ್ತೇ ಹೇಳಿದರು, ಬಸ್ಸು ಚಂದಾಪುರದ ಹತ್ತಿರ ಬಂದಾಗ. ಅಲ್ಲ ಎಂದು ನಾನು ಹೇಳುವಷ್ಟರಲ್ಲಿ ಜನ ಇಳಿಯಲು ಎದ್ದು ನಿಂತರು, ಹತ್ತುವವರ ಗುಂಪು ನಮ್ಮಿಬ್ಬರ ನಡುವೆ ನುಗ್ಗಿತು. ಕೆಳಗೆ ಇಳಿದ ಮೇಲೆ ಕಚೇರಿ ಯಾವ ಕಡೆ ಎಂದು ಕೇಳಬೇಕಾಯಿತು, ಸಾಲಿನಲ್ಲಿ ನಿಲ್ಲಬೇಕಾಯಿತು. ಮಧ್ಯಾಹ್ನ ಚಹಾ ಕುಡಿಯುವಾಗ ಮತ್ತೆ ಆ ಮಾತು ತೆಗೆಯಲು ನೋಡಿದೆ. ಅವರು ಬಿಸಿ ಚಹಾ ಸುರಿದ ಬಸಿಯನ್ನು ಎಡಗೈಯಲ್ಲಿ ಹಿಡಿದು ಊದುತ್ತಿದ್ದರು. ‘ಹೋಗ್ಲಿ ಬಿಡು, ಚಹಾ ಆರ್ತದ’ ಎಂದರು. ನಾನು ಕುಡಿದೆ.